‘ತಲುಪಿರಲಿಕ್ಕಿಲ್ಲ’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನು ಬರೀಬೇಕು?

‘ನನ್ನ ಅರ್ಜಿ ನಿಮಗೆ ತಲುಪಿರಲಿಕ್ಕಿಲ್ಲ’ ಅಂತ ಕಾಲೇಜಿಗೆ ಮೇಲ್ ಬರೀಬೇಕು; ಮೇ ನಾಟ್ ಹ್ಯಾವ್, ಮೈಟ್ ನಾಟ್ ಹ್ಯಾವ್, ಕುಡ್ ನಾಟ್ ಹ್ಯಾವ್ ಮೂರೂ ಒಂದೇನಾ ಅಂತ ಕೇಳಿದ್ದೀರಿ. ಒಂದೇ ಅಲ್ಲರಿ. ಮೊದಲೆರಡು ನಡೀತಾವೆ, ಮೂರನೇದು ಬೇಡ.

ನಾನು ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಹತ್ತಿರ ಪತ್ರವ್ಯವಹಾರ ನೋಡ್ಕೋತೀನಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊರರಾಜ್ಯದ ಖರೀದಿದಾರರೊಬ್ಬರಿಗೆ ‘ನೀವು ಹಣ ಕಳಿಸಿರಬಹುದು, ನಮಗಿನ್ನೂ ಜಮಾ ಆಗಿಲ್ಲ’ ಅಂತ ತಿಳಿಸಬೇಕಿತ್ತು. ‘ಯು ಕುಡ್ ಹ್ಯಾವ್ ಸೆಂಟ್ ದ ಪೇಮೆಂಟ್’ ಅಂತ ಬರೆದುಬಿಟ್ಟೆ. ಅವರು ಅದನ್ನ ‘ಕಳಿಸಬಹುದಿತ್ತಲ್ಲ!’ ಅಂತ ಓದಿಕೊಂಡರು. ಪಾಪ, ಹಿಂದಿನ ದಿನವೇ ಹಣ ಹಾಕಿದ್ದರು. ಫೋನ್ ಮಾಡಿ ನೊಂದುಕೊಂಡರು. ಅವತ್ತಿನಿಂದ ಈ ಪದಗಳನ್ನ ನಾನು ತೂಗಿ ನೋಡದೇ ಬರೆಯೋದಿಲ್ಲ.

‘ಕಳಿಸಿರಬಹುದು’ ಅಂದರೆ ನಮಗೆ ಗೊತ್ತಿಲ್ಲ. ‘ಕಳಿಸಬಹುದಿತ್ತು’ ಅಂದರೆ ಕಳಿಸಿಲ್ಲ ಅಂತ ಗೊತ್ತಿದೆ. ಕನ್ನಡ ಇವೆರಡಕ್ಕೂ ಬೇರೆ ಬೇರೆ ರೂಪ ಇಟ್ಟಿದೆ. ಇಂಗ್ಲಿಷಿನ ಕುಡ್ ಹ್ಯಾವ್ ಎರಡಕ್ಕೂ ಬರ್ತದೆ, ಮೈಟ್ ಹ್ಯಾವ್ ಕೂಡ. ಅದರಲ್ಲೂ ‘ಯು’ ಅಂತ ಶುರು ಮಾಡಿದರೆ ಓದುವವರ ಕಿವಿಗೆ ಆಕ್ಷೇಪಣೆಯೇ ಮೊದಲು ಬೀಳ್ತದೆ. ಮೇ ಹ್ಯಾವ್‌ನಲ್ಲಿ ಆ ತೊಂದರೆ ಇಲ್ಲ. ನಾನೀಗ ‘ಯು ಮೇ ಹ್ಯಾವ್ ಆಲ್ರೆಡಿ ಸೆಂಟ್ ಇಟ್’ ಅಂತಲೇ ಬರೆಯೋದು.

ಮೈಟ್ ಸಾಮಾನ್ಯವಾಗಿ ಮೇಗಿಂತ ಗುಲಗಂಜಿಯಷ್ಟು ಹಗುರ. ತಿಕೋಟಾ ಕಡೆ ಶೆಡ್ಡಿನಲ್ಲಿ ದ್ರಾಕ್ಷಿ ಒಣಗಲು ಹಾಕಿದಾಗ ಮೋಡ ಕಂಡರೆ ರೈತರು ‘ಮಳಿ ಬಂದೀತು’ ಅಂತಾರೆ. ಬಂದೇ ಬರ್ತದೆ ಅಂತಲ್ಲ, ಬಂದರೆ ಮಾಲು ಕಪ್ಪಾದೀತು ಅನ್ನೋ ಅಳುಕು. ಆ ‘ಬಂದೀತು’ ನನ್ನ ಕಿವಿಗೆ ಮೈಟ್ ಹಾಗೇ ಕೇಳ್ತದೆ.

‘ನಾಟ್’ ಸೇರಿದಾಗ ಇನ್ನೂ ಹುಷಾರಾಗಿರಬೇಕು. ‘ಕುಡ್ ನಾಟ್ ಹ್ಯಾವ್ ರೀಚ್ಡ್’ ಅಂದರೆ ತಲುಪಿರೋದು ಸಾಧ್ಯವೇ ಇಲ್ಲ ಅಂತ. ಅಲ್ಲಿ ಅನುಮಾನಕ್ಕೆ ಜಾಗವೇ ಉಳಿಯೋದಿಲ್ಲ. ‘ಮೇ ನಾಟ್ ಹ್ಯಾವ್’ ಅಂದರೆ ತಲುಪದೇ ಇರಬಹುದು. ನಿಮ್ಮ ‘ತಲುಪಿರಲಿಕ್ಕಿಲ್ಲ’ ಇದಕ್ಕಿಂತ ಸ್ವಲ್ಪ ಗಟ್ಟಿ, ಬಹುಶಃ ತಲುಪಿಲ್ಲ ಅನ್ನೋ ಕಡೆ ವಾಲ್ತದೆ. ಅಷ್ಟು ಗಟ್ಟಿಯಾಗಿ ಹೇಳಬೇಕಂದರೆ ‘ಐ ಡೋಂಟ್ ಥಿಂಕ್ ಇಟ್ ಹ್ಯಾಸ್ ರೀಚ್ಡ್ ಯು’ ಅನ್ನಿ. ‘ಐ ಥಿಂಕ್ ಇಟ್ ಹ್ಯಾಸ್ ನಾಟ್’ ತಪ್ಪಲ್ಲ, ಆದರೆ ಇಂಗ್ಲಿಷಿನವರು ‘ಇಲ್ಲ’ವನ್ನ ಹೆಚ್ಚಾಗಿ ಥಿಂಕ್ ಹತ್ತಿರವೇ ಇಡ್ತಾರೆ.

ಕಾಲೇಜಿನ ಮೇಲಿಗೆ ‘ಮೈ ಅಪ್ಲಿಕೇಶನ್ ಮೇ ನಾಟ್ ಹ್ಯಾವ್ ರೀಚ್ಡ್ ಯು’ ಸಾಕು. ಅವರ ಮೇಲೆ ತಪ್ಪು ಹೊರಿಸಿದಂತೆ ಆಗೋದಿಲ್ಲ. ಮುಂದಿನ ವಾಕ್ಯದಲ್ಲಿ ಕಳಿಸಿದ ತಾರೀಖು ಹಾಕಿ. ಅದು ನಿಮಗೆ ಗೊತ್ತಿರೋ ಸಂಗತಿ, ಅಲ್ಲಿ ಮೇ, ಮೈಟ್ ಏನೂ ಬೇಡ, ನೇರವಾಗಿ ‘ಐ ಸೆಂಟ್ ಇಟ್ ಆನ್’ ಅಂತ ಶುರು ಮಾಡ್ರಿ. ಅರ್ಜಿಯ ಪ್ರತಿಯನ್ನೂ ಜೊತೆಗೆ ಲಗತ್ತಿಸಿ.