ಖಾಲಿ ಗೋಡೆ ಇರಲಿ ಬಿಡಿ, ಟೀಚರ್

ಪತ್ರ: ಸಂಪಾದಕರಿಗೆ ನಮಸ್ಕಾರ. ಈ ಜೂನ್‌ನಿಂದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂದನೇ ತರಗತಿಗೆ ಟೀಚರ್ ಆಗಿ ಸೇರುತ್ತಿದ್ದೇನೆ. 22 ಮಕ್ಕಳು ಬರಬಹುದು ಎಂದಿದ್ದಾರೆ. ಕ್ರಾಫರ್ಡ್ ಮಾರ್ಕೆಟ್‌ಗೆ ಹೋಗಿ, ನನ್ನದೇ ದುಡ್ಡಿನಲ್ಲಿ ಚಾರ್ಟು, ಬಣ್ಣದ ಕಾಗದ, ರಿಬ್ಬನ್ ತಂದು ಅಂಟಿಸಿದ್ದೇನೆ. ಆದರೂ ಅರ್ಧ ಗೋಡೆ ಖಾಲಿ ಕಾಣುತ್ತಿದೆ. ಪಕ್ಕದ ಇಂಗ್ಲಿಷ್ ಮಾಧ್ಯಮದ ತರಗತಿ ನೋಡಿದರೆ ನಾಚಿಕೆಯಾಗುತ್ತದೆ. ಇನ್ನೇನು ಅಂಟಿಸಲಿ? ಪಾಠ ಮಕ್ಕಳಿಗೆ ಹಿಡಿಸುವ ಹಾಗೆ ಮಾಡಲು ಏನು ತಯಾರಿ ಮಾಡಿಕೊಳ್ಳಲಿ?
— ಒಬ್ಬ ಓದುಗರು, ಡೊಂಬಿವಲಿ

ಉತ್ತರ: ಟೀಚರ್, ನಮಸ್ಕಾರ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮುಂಬೈಯಲ್ಲಿ ಕನ್ನಡ ಒಂದನೇ ತರಗತಿಗೆ ಹೊಸ ಟೀಚರ್ ಬರುತ್ತಿದ್ದಾರೆ, ಅದೂ ರಜೆಯಲ್ಲೇ ಕೆಲಸ ಶುರು ಮಾಡಿದ್ದಾರೆ ಎಂದು ತಿಳಿದು ಮನಸ್ಸು ತುಂಬಿ ಬಂತು. ಸ್ವಂತ ದುಡ್ಡು ಹಾಕಿದ್ದೀರಿ, ನಿಮಗೆ ಕೈ ಮುಗಿಯುತ್ತೇನೆ. ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಅರ್ಧ ಗೋಡೆಯನ್ನು ಹಾಗೇ ಬಿಡಿ. ಅಂಟಿಸಿರುವ ಅರ್ಧದಲ್ಲೂ ಮುಕ್ಕಾಲು ಪಾಲು ತೆಗೆದುಬಿಡಿ.

ಬಣ್ಣವೇ ಬೇಡ ಎನ್ನುವವನಲ್ಲ ನಾನು. ಅಮ್ಮನ ಸೆರಗು ಬಿಟ್ಟು ಒಳಗೆ ಬರುವ ಮಗುವಿಗೆ ಬಾಗಿಲಲ್ಲಿ ಒಂದು ತೋರಣ ಕಂಡರೆ ಹಿತವಾಗುತ್ತದೆ. ವಾರದ ದಿನಗಳ ಚಾರ್ಟು ಒಂದು, ಸಂಖ್ಯೆಯ ಪಟ್ಟಿ ಒಂದು ಇರಲಿ. ಅಷ್ಟು ಸಾಕು.

2014ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷಿಸಿ ನೋಡಿ ಪ್ರಕಟಿಸಿದ್ದಾರೆ. ಹೆಚ್ಚುಕಡಿಮೆ ನಿಮ್ಮ ತರಗತಿಯಷ್ಟೇ ಮಕ್ಕಳು, 24 ಜನ, ಇನ್ನೂ ಕಿಂಡರ್‌ಗಾರ್ಟನ್‌ನವರು. ಕೆಲವು ಪಾಠ ಗೋಡೆ ತುಂಬ ಚಿತ್ರ ಇದ್ದ ಕೋಣೆಯಲ್ಲಿ, ಕೆಲವು ಬೋಳು ಗೋಡೆಯ ಕೋಣೆಯಲ್ಲಿ. ಆಮೇಲೆ ಪ್ರಶ್ನೆ ಕೇಳಿದರು. ಬೋಳು ಕೋಣೆಯ ಪಾಠಗಳಿಗೆ ನೂರಕ್ಕೆ 55 ಉತ್ತರ ಸರಿ ಬಂತು. ಚಿತ್ರದ ಕೋಣೆಯ ಪಾಠಗಳಿಗೆ 42. ಪಾಠದ ಹೊತ್ತಿನಲ್ಲಿ ಮಕ್ಕಳ ಕಣ್ಣು ಗೋಡೆಯ ಮೇಲೆ ಓಡಾಡುತ್ತಿತ್ತು. ಎಲ್ಲವನ್ನೂ ಕಿತ್ತು ಎಸೆಯಿರಿ ಎಂದು ಅವರು ಹೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ ಐದಾರು ವರ್ಷದ ಮಗುವಿನ ಗಮನ ಎಷ್ಟು ತೆಳು ಎಂದು ಇದರಿಂದ ಗೊತ್ತಾಗುತ್ತದೆ, ಅಲ್ವಾ?

ನನಗಂತೂ ಇದು ಗೊತ್ತಾದದ್ದು ಬೇರೆ ಥರ. ಕೆಲವು ವರ್ಷಗಳ ಹಿಂದೆ ಉಪನಗರದ ಒಂದು ಶಾಲೆಗೆ ಕರೆದಿದ್ದರು. ಗೋಡೆಯಲ್ಲಿ ಒಂದು ಗೇಣು ಜಾಗ ಖಾಲಿ ಇರಲಿಲ್ಲ. ಒಬ್ಬ ಹುಡುಗನನ್ನು ನಿಲ್ಲಿಸಿದರು. ಅವನು ಅ ಅರಸ, ಆ ಆನೆ ಎಂದು ಒಂದೇ ಉಸಿರಿಗೆ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹೋಗಿ ಆನೆಯ ಚಿತ್ರದ ಮೇಲೆ ಕೈ ಇಟ್ಟು, ಈಗ ಇದನ್ನು ಓದು ಮಗಾ ಎಂದೆ. ಅವನು ನನ್ನ ಮುಖ ನೋಡಿದ. ಮೆಲ್ಲಗೆ, "ಸರ್, ಕೈ ತೆಗೀರಿ" ಎಂದ. ಆ ಮಗು ಓದಿದ್ದು ಚಿತ್ರವನ್ನು. ಆರು ತಿಂಗಳು ಅವನು ಆ ಚಾರ್ಟಿನ ಕೆಳಗೇ ಕುಳಿತಿದ್ದ. ಚಾರ್ಟು ಇದ್ದದ್ದೂ ದೊಡ್ಡವರ ತಲೆಯ ಎತ್ತರದಲ್ಲಿ. ನೀವು ಏನೇ ಅಂಟಿಸಿದರೂ ನೆಲದಿಂದ ಮೂರೂವರೆ ಅಡಿಯ ಒಳಗೆ ಅಂಟಿಸಿ. ಅವರ ಕಣ್ಣು ಅಲ್ಲಿರುತ್ತದೆ.

ಅಕ್ಷರದ ಮಾತು ಬಂತಲ್ಲ, ಅದನ್ನು ಮುಗಿಸಿಯೇ ಮುಂದೆ ಹೋಗುತ್ತೇನೆ. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ನಲಿ ಕಲಿ ಎಂಬ ಕಲಿಸುವ ವಿಧಾನ ಶುರುವಾಯಿತು. ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ಕಣ್ಣಾರೆ ನೋಡಿ ಬಂದ ಸರಕಾರಿ ಶಾಲೆಯ ಮೇಷ್ಟ್ರುಗಳೇ ಸೇರಿ ಅದನ್ನು ಕಟ್ಟಿದರು. ಅವರು ಅ ಆ ಇ ಈ ಎಂದು ಶುರು ಮಾಡುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದು ಅಕ್ಷರ ಬಂದ ಕೂಡಲೇ ಮಗು ಸರ ಓದುತ್ತದೆ, ರಸ ಓದುತ್ತದೆ, ಅರಸ, ಅಗಸ, ಗರಗಸ ಓದುತ್ತದೆ. ಒಂದೇ ಒಂದು ಕಾಗುಣಿತ ಇಲ್ಲದೆ ಇಡೀ ಪದ! ಬಡಗಿ ಕೆಲಸದವರ ಮಗು ಗರಗಸ ಎಂದು ತಾನೇ ಓದಿದ ದಿನ ಅದರ ಮುಖ ನೋಡಬೇಕು ನೀವು. 49 ಅಕ್ಷರದ ಚಾರ್ಟು ತೂಗುಹಾಕಿ ಕೋಲಿನಿಂದ ತೋರಿಸುತ್ತಾ ಹೋದರೆ ಆ ಖುಷಿಗೆ ದೀಪಾವಳಿವರೆಗೆ ಕಾಯಬೇಕಾಗುತ್ತದೆ. ನಿಮ್ಮ ಪುಸ್ತಕ ಮಹಾರಾಷ್ಟ್ರ ಸರಕಾರದ ಬಾಲಭಾರತಿಯದು, ಅದನ್ನು ಬಿಡಿ ಎನ್ನುವುದಿಲ್ಲ. ಮೊದಲ ಹದಿನೈದು ದಿನ ಈ ಐದು ಅಕ್ಷರವನ್ನು ಆಡಿಸಿ, ಆಮೇಲೆ ಪುಸ್ತಕ ತೆರೆಯಿರಿ.

ನಲಿ ಕಲಿಯ ಕೋಣೆಯಲ್ಲಿ ಇನ್ನೆರಡು ಸಂಗತಿ ನನಗೆ ಬಹಳ ಇಷ್ಟ. ಗೋಡೆಯ ಕೆಳಭಾಗಕ್ಕೆ, ಮಕ್ಕಳ ಎತ್ತರಕ್ಕೆ, ಸುತ್ತಲೂ ಕಪ್ಪು ಹಲಗೆ. ಒಬ್ಬೊಬ್ಬರಿಗೂ ತನ್ನದು ಅಂತ ಒಂದು ಪಾಲು. ಇನ್ನೊಂದು, ತಲೆಯ ಮೇಲೆ ದಾರ ಕಟ್ಟಿದ ಚಪ್ಪರ. ಮಕ್ಕಳು ಬರೆದದ್ದು, ಕತ್ತರಿಸಿದ್ದು ಅದಕ್ಕೆ ತೂಗುತ್ತದೆ. ಜೂನ್‌ನಲ್ಲಿ ಬರೀ ದಾರ, ಡಿಸೆಂಬರ್‌ನಲ್ಲಿ ತುಂಬಿದ ಚಪ್ಪರ. ನಮ್ಮ ಊರಿಗಂತೂ ದಾರವೇ ಸರಿ. ಜುಲೈಯಲ್ಲಿ ಮುಂಬೈಯ ಗೋಡೆ ಬೆವರುತ್ತದೆ, ಸೆಲ್ಲೋಟೇಪ್ ನಿಲ್ಲುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಏನು ತಯಾರಿ ಮಾಡಿಕೊಳ್ಳಲಿ ಎಂದಿರಿ. ನೀವು ತಾರಾಬಾಯಿ ಮೋಡಕ್ ಬಗ್ಗೆ ಕೇಳಿದ್ದೀರಾ? 1892ರಲ್ಲಿ ಇದೇ ಮುಂಬೈಯಲ್ಲಿ ಹುಟ್ಟಿದವರು. ಗುಜರಾತಿನ ಭಾವನಗರದಲ್ಲಿ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ ಜೊತೆ ಮಕ್ಕಳ ಶಾಲೆಯಲ್ಲಿ ದುಡಿದರು. 1945ರಲ್ಲಿ ಸಮುದ್ರದಂಡೆಯ ಬೋರ್ಡಿ ಎಂಬ ಊರಿಗೆ ಬಂದು ಬಾಲವಾಡಿ ತೆರೆದರು. ಜೊತೆಗೆ ಅನುತಾಯಿ ವಾಘ್. ಶಾಲೆ ತೆರೆದರೂ ಕೇರಿಯ ಮಕ್ಕಳು ಅದರ ಬಾಗಿಲಿಗೆ ಬರಲಿಲ್ಲ. ಆಗ ಇವರು ಮಕ್ಕಳನ್ನು ಬೈಯಲಿಲ್ಲ. ಶಾಲೆಯನ್ನೇ ಎತ್ತಿಕೊಂಡು ಕೇರಿಯ ಅಂಗಳಕ್ಕೆ ಹೋದರು. ಇವತ್ತು ಊರೂರಲ್ಲಿ ಅಂಗನವಾಡಿ ಎನ್ನುತ್ತೇವಲ್ಲ, ಆ ಯೋಚನೆ ಅಲ್ಲಿ ಬೆಳೆದದ್ದು. 1957ರಲ್ಲಿ ಅಲ್ಲೇ ಹತ್ತಿರದ ಕೋಸಬಾಡದ ಗುಡ್ಡಕ್ಕೆ ಹೋದ ಮೇಲೆ, ದನ ಮೇಯಿಸುವ ವಾರ್ಲಿ ಬುಡಕಟ್ಟಿನ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಪಾಠ. ಇಟಲಿಯ ಶಿಕ್ಷಣತಜ್ಞೆ ಮಾಂಟೆಸರಿಯವರ ವಿಧಾನವನ್ನು ಅವರು ಚೆನ್ನಾಗಿ ಬಲ್ಲರು, ಆದರೆ ಆ ದುಬಾರಿ ಸಾಮಾನು ಎಲ್ಲಿಂದ ತರುವುದು? ಕಲ್ಲು, ಬೀಜ, ಎಲೆ, ಚಿಪ್ಪು ಇವೇ ಸಾಮಾನಾದವು. ನಾನೊಮ್ಮೆ ಘೋಲವಡ ಸ್ಟೇಷನ್ನಿನಲ್ಲಿ ಇಳಿದು ಆ ಕಡೆ ಹೋಗಿ ಬಂದೆ. ವಾಪಸು ಬರುವಾಗ ಗಾಡಿಯಲ್ಲಿ ಯಾರ ಜೊತೆಯೂ ಮಾತಾಡಬೇಕು ಅನ್ನಿಸಲಿಲ್ಲ. ಬರೀ ಎರಡು-ಮೂರು ಗಂಟೆಯ ದಾರಿಯಲ್ಲಿ ಇಷ್ಟು ದೊಡ್ಡ ಕೆಲಸ ನಡೆದಿದೆ, ನಮ್ಮ ಕನ್ನಡ ಶಾಲೆಗಳಲ್ಲಿ ಅದರ ಹೆಸರೇ ಎತ್ತುವುದಿಲ್ಲ.

ಹಾಗಾಗಿ ಟೀಚರ್, ಕ್ರಾಫರ್ಡ್ ಮಾರ್ಕೆಟ್‌ಗೆ ಇನ್ನೊಂದು ಸಲ ಹೋಗುವ ಬದಲು ಮಕ್ಕಳು ವಾಸಿಸುವ ಚಾಳುಗಳಿಗೆ ಹೋಗಿ. ಹೆಸರಿನ ಪಟ್ಟಿ ಆಗಲೇ ಸಿಕ್ಕಿರುತ್ತದೆ. ಒಂದೊಂದು ಮನೆಯಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ. ಅಲ್ಲಿ ಏನು ಭಾಷೆ ಕೇಳುತ್ತದೆ ಎಂದು ಗಮನಿಸಿ. ಇಲ್ಲಿನ ಕನ್ನಡ ತರಗತಿ ಬೆಂಗಳೂರಿನ ತರಗತಿಯ ಹಾಗಲ್ಲ. ಬಿಜಾಪುರದ ಕಡೆಯ ಮಗು ಅವ್ವ ಎನ್ನುತ್ತದೆ. ತುಳು ಮನೆಯಲ್ಲಿ ಅಜ್ಜಿ ಅಪ್ಪೆ ಎಂದು ಹೇಳಿಕೊಟ್ಟಿರುತ್ತಾರೆ, ಅಂದರೆ ತಾಯಿ. ಲಂಬಾಣಿ ಮಗುವಿಗೆ ಯಾಡಿ. ಪಕ್ಕದ ಮನೆಯ ಮರಾಠಿ ಕೇಳಿ ಬೆಳೆದದ್ದು ಆಯಿ ಎನ್ನುತ್ತದೆ. ನಿಮ್ಮ ಚಾರ್ಟಿನಲ್ಲಿ ಇರುವುದು ಅಮ್ಮ ಒಂದೇ. ಮೊದಲ ವಾರ ಈ ಐದೂ ಪದವನ್ನು ಹಲಗೆಯ ಮೇಲೆ ಬರೆಯಿರಿ. ಯಾರ ಪದವನ್ನೂ ತಪ್ಪು ಎನ್ನಬೇಡಿ. ತನ್ನ ಮನೆಯ ಮಾತು ಹಲಗೆಯ ಮೇಲೆ ಕಂಡ ಮಗು ಮಾರನೆಯ ದಿನ ಓಡಿ ಬರುತ್ತದೆ. ಪುಸ್ತಕದ ಕೊಡೆ ಅವರ ಬಾಯಲ್ಲಿ ಛತ್ರಿ ಆಗಿದ್ದರೆ ಇರಲಿ, ಎರಡೂ ಮಳೆ ತಡೆಯುತ್ತವೆ.

ಮಳೆ ಎಂದಾಗ ನೆನಪಾಯಿತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಬೈಗೆ ಮುಂಗಾರು ಮುಟ್ಟುವ ವಾಡಿಕೆ ದಿನ ಜೂನ್ 11. ನಿಮ್ಮ ಶಾಲೆ ತೆರೆಯುವ ಹೊತ್ತಿಗೆ ಸರಿಯಾಗಿ ಮಳೆ ಬರುತ್ತದೆ. ಇದಕ್ಕಿಂತ ಒಳ್ಳೆಯ ಪಾಠದ ಸಾಮಾನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನೇರ ಗೋಡೆಯ ಒಂದು ಡಬ್ಬಿಯನ್ನು ಬಯಲಲ್ಲಿ ಇಡಿ. ದಿನಾ ಬೆಳಿಗ್ಗೆ ಒಂದು ಮಗು ನೀರಿನ ಎತ್ತರಕ್ಕೆ ಕಾಗದದ ಪಟ್ಟಿ ಕತ್ತರಿಸಿ, ದಾರಕ್ಕೆ ಸಾಲಾಗಿ ತೂಗುಹಾಕಲಿ, ಡಬ್ಬಿ ಖಾಲಿ ಮಾಡಲಿ. ತಿಂಗಳ ಕೊನೆಗೆ ಯಾವ ದಿನ ಜಾಸ್ತಿ, ಯಾವ ದಿನ ಕಡಿಮೆ ಎಂದು ಅವರೇ ಬೆರಳಿಟ್ಟು ತೋರಿಸುತ್ತಾರೆ. ಆಗ ಅವರಿಗೆ 2005ರ ಜುಲೈ 26ರ ಕಥೆ ಹೇಳಿ. ಅವತ್ತು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಒಂದು ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, 94 ಸೆಂಟಿಮೀಟರ್‌ಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಹೆಚ್ಚುಕಡಿಮೆ ಭುಜಕ್ಕೆ ಬರುತ್ತದೆ. ಆ ಗೆರೆಯನ್ನು ಯಾವ ಮಗುವೂ ಮರೆಯುವುದಿಲ್ಲ.

ಲೆಕ್ಕಕ್ಕೂ ದೂರ ಹೋಗಬೇಡಿ. ಸ್ಟೇಷನ್ನಿನ ಇಂಡಿಕೇಟರ್‌ನಲ್ಲಿ ಲೋಕಲ್ ರೈಲಿಗೆ 12 ಡಬ್ಬಿ, 15 ಡಬ್ಬಿ ಎಂದು ನಿಮ್ಮ ಮಕ್ಕಳು ನೋಡಿಯೇ ಇರುತ್ತಾರೆ. ಬೆಂಕಿಪೊಟ್ಟಣ ಸಾಲಾಗಿ ಇಟ್ಟು ಲೋಕಲ್ ಕಟ್ಟಿಸಿ. 12ಕ್ಕೆ ಎಷ್ಟು ಸೇರಿಸಿದರೆ 15 ಎಂದು ಕೇಳಿ. ತುಳುವರ ಆಟಿ ತಿಂಗಳು (ಜುಲೈ-ಆಗಸ್ಟ್) ಬಂದಾಗ ಯಾವುದಾದರೂ ತುಳು ಅಜ್ಜಿಯನ್ನು ಚೆನ್ನೆಮಣೆ (ಗುಳಿಗಳಿಗೆ ಬೀಜ ಹಾಕಿ ಆಡುವ ಮರದ ಹಲಗೆ) ಸಮೇತ ತರಗತಿಗೆ ಕರೆಯಿರಿ. 14 ಗುಳಿ, ಗುಳಿಗೆ ನಾಲ್ಕು ಬೀಜ, ಒಟ್ಟು 56. ನಾನು ಎಣಿಸಲು ಕಲಿತದ್ದು ಆ ಕೆಂಪು ಮಂಜೊಟ್ಟಿ ಬೀಜಗಳಲ್ಲಿ. ನಮ್ಮ ಒಂದನೇ ತರಗತಿಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಬಿಟ್ಟರೆ ಬೇರೇನೂ ಇರಲಿಲ್ಲ. ಟೀಚರ್ ನೆಲಕ್ಕೆ ಮರಳು ಹರಡಿ, ನನ್ನ ಬೆರಳು ಹಿಡಿದು ಬರೆಸುತ್ತಿದ್ದರು. ಅರವತ್ತು ವರ್ಷವಾದರೂ ಆ ಮರಳಿನ ತಂಪು ನನ್ನ ಬೆರಳಲ್ಲಿ ಇದೆ.

ನಾಚಿಕೆಯಾಗುತ್ತದೆ ಎಂದು ಬರೆದಿರಲ್ಲ, ಅದು ನನ್ನನ್ನು ತುಂಬ ಚುಚ್ಚಿತು. ಯಾಕೆ ನಾಚಿಕೆ? ಹಿಂದೆ ಈ ಊರಿಗೆ ಬರಿಗೈಯಲ್ಲಿ ಬಂದ ನಮ್ಮ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತು ಕನ್ನಡದಲ್ಲಿ ಓದಿದರು. ಅವರಲ್ಲಿ ವಕೀಲರಾದರು, ಬ್ಯಾಂಕ್ ಮ್ಯಾನೇಜರ್‌ಗಳಾದರು, ನೂರಾರು ಜನಕ್ಕೆ ಕೆಲಸ ಕೊಡುವವರಾದರು. ಆ ರಾತ್ರಿ ಶಾಲೆಗಳಲ್ಲಿ ರಿಬ್ಬನ್ ಇರಲಿಲ್ಲ. ದಿನದ ಕೆಲಸ ಮುಗಿಸಿ ಬಂದು ಪಾಠ ಹೇಳುವ ಮೇಷ್ಟ್ರು ಇದ್ದರು. ಮುಂಬೈ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಇನ್ನೊಂದು ರಾಜ್ಯದ ರಾಜಧಾನಿಯಲ್ಲಿ ನಮ್ಮ ಭಾಷೆಗೆ ಸಿಕ್ಕ ಜಾಗ ಅದು. ಅಲ್ಲಿ ಪಾಠ ಹೇಳುವವರು ತಲೆ ತಗ್ಗಿಸಬೇಕಾಗಿಲ್ಲ.

ತಲೆ ತಗ್ಗಿಸಬೇಕಾದವರು ನಾವು. ನಮ್ಮ ಪತ್ರಿಕೆಗೆ ವರ್ಷವಿಡೀ ಪತ್ರ ಬರುತ್ತವೆ, ಕನ್ನಡ ಶಾಲೆ ಮುಚ್ಚುತ್ತಿದೆ, ಅನ್ಯಾಯ ಆಗುತ್ತಿದೆ ಎಂದು. ಬರೆಯುವವರನ್ನು ಕೇಳುತ್ತೇನೆ, ನೀವು ಯಾವತ್ತಾದರೂ ಆ ಶಾಲೆಯ ಒಳಗೆ ಕಾಲಿಟ್ಟಿದ್ದೀರಾ? ಒಂದು ದಿನ ಹೋಗಿ ಒಂದು ಕಥೆ ಹೇಳಿದ್ದೀರಾ? ನಮ್ಮ ಸಂಘಗಳಿಗೆ ಸಭಾಂಗಣ ಬಾಡಿಗೆಗೆ ದುಡ್ಡಿದೆ. ಶಾಲು, ಹಾರ, ಫಲಕಕ್ಕೆ ದುಡ್ಡಿದೆ. ಸನ್ಮಾನದ ಮೇಲೆ ಸನ್ಮಾನ ನಡೆಯುತ್ತದೆ. ಹೊಸ ಟೀಚರ್ ಮಾತ್ರ ಸ್ವಂತ ಪರ್ಸಿನಿಂದ ಬಣ್ಣದ ಕಾಗದ ತರಬೇಕು! ಒಂದು ವೇದಿಕೆಯ ಹೂವಿನ ಖರ್ಚಿನಲ್ಲಿ 22 ಮಕ್ಕಳಿಗೆ ಸ್ಲೇಟು, ಬಳಪ, ಹತ್ತಾರು ಕಥೆ ಪುಸ್ತಕ ಬರುತ್ತದೆ. ಇದನ್ನು ಓದುವ ಪದಾಧಿಕಾರಿಗಳು ಸುಮ್ನೆ ಪುಟ ತಿರುಗಿಸಬೇಡಿ. ಮುಂದಿನ ಸಭೆಯಲ್ಲಿ ಈ ಮಾತು ಎತ್ತಿ.

ತಪಾಸಣೆಗೆ ಬರುವವರಿಗೂ ಒಂದು ಕೋರಿಕೆ. ಗೋಡೆ ನೋಡಿ ಟೀಚರ್‌ಗೆ ಅಂಕ ಹಾಕಬೇಡಿ. ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಪದ ಓದಿಸಿ.

ಟೀಚರ್, ನೀವು ತಂದ ಕಾಗದ, ರಿಬ್ಬನ್ ದಂಡವಾಗುವುದಿಲ್ಲ. ಮಕ್ಕಳ ಕೈಗೆ ಕತ್ತರಿ ಕೊಡಿ, ಅವರೇ ಕತ್ತರಿಸಲಿ. ನಮ್ಮ ಪ್ರೆಸ್ಸಿನಲ್ಲಿ ಪುಟ ಕತ್ತರಿಸಿದ ಮೇಲೆ ಒಳ್ಳೆಯ ಬಿಳಿ ಕಾಗದ ಉಳಿಯುತ್ತದೆ, ಮಳೆಯ ಪಟ್ಟಿಗೆ ಅದೇ ಸರಿಯಾದ ಅಗಲ. ಎರಡು ಕಟ್ಟು ನಿಮ್ಮ ಹೆಸರಿನಲ್ಲಿ ಎತ್ತಿಟ್ಟಿದ್ದೇವೆ, ಜೊತೆಗೆ ಒಂದು ಉಂಡೆ ದಾರ, ನೂರು ಬಟ್ಟೆ ಕ್ಲಿಪ್ಪು. ಕಚೇರಿ ಸಂಜೆ ಏಳರವರೆಗೆ ತೆರೆದಿರುತ್ತದೆ. ಡೊಂಬಿವಲಿಯ ಗರ್ದಿಯಲ್ಲಿ ಅಷ್ಟನ್ನೆಲ್ಲ ಹೊತ್ತೊಯ್ಯುವುದು ಕಷ್ಟವಾದರೆ ಒಂದು ಕಾರ್ಡು ಬರೆಯಿರಿ, ಭಾನುವಾರ ನಾನೇ ತಂದುಕೊಡುತ್ತೇನೆ. ಮಂಜೊಟ್ಟಿ ಬೀಜ ನನ್ನ ಹತ್ತಿರ ಒಂದು ಡಬ್ಬಿ ಇದೆ, ಅದೂ ಬರುತ್ತದೆ.