ಪತ್ರಕರ್ತರೊಡನೆ ವ್ಯವಹಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ರೈತ ಉತ್ಪಾದಕ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನಾವು ಸದಸ್ಯರಿಂದ ತೊಗರಿ ಖರೀದಿಸಿ, ಬೇಳೆ ಮಾಡಿಸಿ ಮಾರುತ್ತೇವೆ. ಪತ್ರಿಕೆಗಳಿಗೆ ಕಳುಹಿಸಿದ ನಮ್ಮ ಪ್ರಕಟಣೆಗಳಲ್ಲಿ ಹೆಚ್ಚಿನವು ಅಚ್ಚಾಗುವುದಿಲ್ಲ. ಕಳೆದ ಹಂಗಾಮಿನಲ್ಲಿ ರೈತರಿಗೆ ಹಣ ಪಾವತಿ ತಡವಾದಾಗ ಮಾತ್ರ ಸುದ್ದಿ ದೊಡ್ಡದಾಗಿ ಬಂತು. ಆ ದಿನ ವರದಿಗಾರರು ಫೋನ್ ಮಾಡಿದ್ದರು. ನಮ್ಮ ಅಧ್ಯಕ್ಷರು ಕರೆ ಸ್ವೀಕರಿಸಲಿಲ್ಲ. ಜಾಹೀರಾತು ಕೊಟ್ಟರೆ ಸಂಬಂಧ ಸುಧಾರಿಸೀತೇ? (ಹೆಸರು ಬೇಡ, ಆಳಂದ)

ಉತ್ತರ: ನಿಮ್ಮ ಪತ್ರದಲ್ಲಿ ಬಹಳ ಮುಖ್ಯವಾದದ್ದು ಸ್ವೀಕರಿಸದೆ ಬಿಟ್ಟ ಆ ಒಂದು ಕರೆ. ಹಣ ಸಿಗದ ರೈತರ ಮಾತು ವರದಿಗಾರರ ಕೈಯಲ್ಲಿ ಆಗಲೇ ಇತ್ತು, ಸಂಜೆಯೊಳಗೆ ಸುದ್ದಿ ಕಳುಹಿಸಬೇಕಿತ್ತು, ನಿಮ್ಮ ಕಡೆಯ ಮಾತು ಸಿಗದಿದ್ದರೆ ಸುದ್ದಿ ನಿಲ್ಲುವುದಿಲ್ಲ. ‘ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ’ ಎಂಬ ಸಾಲನ್ನು ಹೊತ್ತು ಪ್ರಕಟವಾಗುತ್ತದೆ. ಆ ಸಾಲನ್ನು ಓದಿದವರು ಏನೋ ಮುಚ್ಚಿಡುತ್ತಿದ್ದಾರೆ ಎಂದೇ ತಿಳಿಯುತ್ತಾರೆ. ಎಷ್ಟು ರೈತರಿಗೆ, ಎಷ್ಟು ಹಣ ಬಾಕಿ, ಯಾವ ಕಾರಣಕ್ಕೆ ತಡವಾಯಿತು, ಯಾವ ದಿನಾಂಕದೊಳಗೆ ಕೊಡುತ್ತೀರಿ ಎಂಬ ನಾಲ್ಕು ಸಂಗತಿಗಳನ್ನು ಅಧ್ಯಕ್ಷರು ಹೇಳಿದ್ದರೆ ಅದೇ ಸುದ್ದಿಯ ಅರ್ಧ ಭಾಗ ನಿಮ್ಮದಾಗುತ್ತಿತ್ತು. ಲೆಕ್ಕ ಆ ಕ್ಷಣಕ್ಕೆ ಕೈಯಲ್ಲಿಲ್ಲದಿದ್ದರೆ ‘ನಾಲ್ಕು ಗಂಟೆಗೆ ತಿಳಿಸುತ್ತೇನೆ’ ಎಂದು ಹೇಳಿ, ನಾಲ್ಕಕ್ಕೆ ತಪ್ಪದೆ ನೀವೇ ಕರೆ ಮಾಡಬೇಕು. ಮಾತನಾಡುವ ಅಧಿಕಾರವನ್ನು ಮೊದಲೇ ಒಬ್ಬರಿಗೆ, ಅವರಿಲ್ಲದಾಗ ಇನ್ನೊಬ್ಬರಿಗೆ ಠರಾವಿನ ಮೂಲಕ ಕೊಟ್ಟುಬಿಡಿ. ‘ಇದು ಬರೆಯಲಿಕ್ಕಲ್ಲ’ ಎಂಬ ಷರತ್ತು ಇದ್ದರೆ ಅದನ್ನು ಮಾತು ಆರಂಭಿಸುವ ಮುಂಚೆಯೇ ಹೇಳಿ ವರದಿಗಾರರ ಒಪ್ಪಿಗೆ ಪಡೆಯಬೇಕು. ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಆ ಷರತ್ತಿಗೆ ಬೆಲೆ ಇರುವುದಿಲ್ಲ.

ಇನ್ನು ಅಚ್ಚಾಗದ ಪ್ರಕಟಣೆಗಳ ವಿಷಯ. ನೀವು ಲಗತ್ತಿಸಿದ ಮಾದರಿಯಲ್ಲಿ ಮೊದಲ ಹನ್ನೊಂದು ಸಾಲುಗಳು ವೇದಿಕೆಯ ಮೇಲಿದ್ದ ಗಣ್ಯರ ಹೆಸರುಗಳೇ ಆಗಿವೆ, ಖರೀದಿಯ ದರ ಕೊನೆಯ ಸಾಲಿನಲ್ಲಿದೆ. ತೊಗರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ 2024-25ರಲ್ಲಿ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು, 2025-26ಕ್ಕೆ 8,000 ರೂಪಾಯಿ ಆಯಿತು. ನಿಮ್ಮ ದರವನ್ನು ಇದರ ಪಕ್ಕದಲ್ಲೂ ಅಂದಿನ ಎಪಿಎಂಸಿ ದರದ ಪಕ್ಕದಲ್ಲೂ ಇಟ್ಟು ಮೊದಲ ವಾಕ್ಯದಲ್ಲೇ ಬರೆದರೆ ಅದು ಜಿಲ್ಲೆಯ ಪ್ರತಿ ತೊಗರಿ ಬೆಳೆಗಾರನಿಗೆ ಬೇಕಾದ ಸುದ್ದಿಯಾಗುತ್ತದೆ. ‘ಗುಲ್ಬರ್ಗ ತೊಗರಿ ಬೇಳೆ’ಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದನ್ನು ಪ್ರತಿ ಪ್ರಕಟಣೆಯಲ್ಲೂ ಹೇಳುತ್ತೀರಿ, ವರದಿಗಾರರಿಗೆ ಅದು ಕಂಠಪಾಠವಾಗಿದೆ. ಆ ಮಾನ್ಯತೆಯಿಂದ ನಿಮ್ಮ ಸದಸ್ಯರಿಗೆ ಕ್ವಿಂಟಲ್‌ಗೆ ಎಷ್ಟು ಹೆಚ್ಚು ಸಿಕ್ಕಿತು, ಅಥವಾ ಏನೂ ಸಿಗಲಿಲ್ಲವೇ ಎಂಬುದನ್ನು ಯಾರೂ ಅವರಿಗೆ ಹೇಳುತ್ತಿಲ್ಲ.

ಲೆಟರ್‌ಹೆಡ್‌ನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದನ್ನು ದಯವಿಟ್ಟು ನಿಲ್ಲಿಸಿ. ಸಂಜೆಯ ಗಡಿಬಿಡಿಯಲ್ಲಿ ಅದನ್ನು ಮತ್ತೆ ಟೈಪ್ ಮಾಡುವಷ್ಟು ಪುರಸೊತ್ತು ಯಾವ ಬ್ಯೂರೋದಲ್ಲೂ ಇರುವುದಿಲ್ಲ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ ಪಠ್ಯವನ್ನು ಇಮೇಲ್‌ನಲ್ಲಿ ಮಧ್ಯಾಹ್ನವೇ ತಲುಪಿಸಿ, ಚಿತ್ರದಲ್ಲಿರುವವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆದು ಕಳುಹಿಸಿ. ಪತ್ರಿಕಾಗೋಷ್ಠಿಯ ದಿನವನ್ನೂ ನೋಡಿಕೊಳ್ಳಿ: ಕಲ್ಯಾಣ ಕರ್ನಾಟಕ ಉತ್ಸವದ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ನಿಮ್ಮ ಗೋಷ್ಠಿಗೆ ಯಾರು ಬಂದಾರು?

ಜಾಹೀರಾತಿನ ಪ್ರಶ್ನೆಗೆ ಉತ್ತರ ಚಿಕ್ಕದು. ಬೇಳೆ ಮಾರಾಟವಾಗಲಿ ಎಂದು ಜಾಹೀರಾತು ಕೊಡಿ, ಸುದ್ದಿ ಬರಲಿ ಎಂದು ಕೊಡಬೇಡಿ. ಗೋಷ್ಠಿಯಲ್ಲಿ ವರದಿಗಾರರಿಗೆ ಹಣವಿಟ್ಟ ‘ಕವರ್’ ಹಂಚುವ ಪದ್ಧತಿಯಂತೂ ಬೇಡವೇ ಬೇಡ. ಹಾಗೆ ಬಂದ ಸುದ್ದಿಗೆ ನಿಮ್ಮ ರೈತರೇ ಕಿಮ್ಮತ್ತು ಕೊಡುವುದಿಲ್ಲ.

ಪ್ರಶ್ನೆ: ನಮ್ಮದು ಬಿದರಿ ಕುಶಲಕರ್ಮಿಗಳ ಚಿಕ್ಕ ಸಂಘ. ಪತ್ರಕರ್ತರು ಬರುತ್ತಾರೆ, ಆದರೆ ಕೋಟೆಯ ಮಣ್ಣಿನ ಕಥೆಯನ್ನೇ ಬರೆದು ಹೋಗುತ್ತಾರೆ. ಏನು ಮಾಡಬೇಕು? (ಓದುಗರು, ಬೀದರ್)

ಉತ್ತರ: ಕೇಳಿದವರಿಗೆ ನೀವೂ ಅದನ್ನೇ ಹೇಳುತ್ತಿರಬೇಕು! ಸತು ಮತ್ತು ತಾಮ್ರದ ಎರಕ, ಬೆಳ್ಳಿಯ ಕುಸುರಿ, ಕೋಟೆಯ ಮಣ್ಣಿನಿಂದ ಬರುವ ಕಪ್ಪು ಬಣ್ಣ ಇವೆಲ್ಲ ಹಲವು ಬಾರಿ ಅಚ್ಚಾಗಿವೆ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗಲೂ ಅವು ಮತ್ತೆ ಓದುಗರನ್ನು ತಲುಪಿದವು. ಬೆಳ್ಳಿಯ ದರ ಏರಿದಾಗ ಒಂದು ಹೂದಾನಿಯ ಖರ್ಚು ಎಷ್ಟು ಹೆಚ್ಚಿತು, ಅದರಲ್ಲಿ ಕುಸುರಿ ಮಾಡಿದವನ ಕೂಲಿ ಎಷ್ಟು ಎಂಬ ಲೆಕ್ಕವನ್ನು ಒಂದು ಹಾಳೆಯಲ್ಲಿ ಸಿದ್ಧವಾಗಿಟ್ಟುಕೊಳ್ಳಿ. ಹಣದ ವಿಷಯ ಹೊರಗೆ ಹೇಳಲು ನಿಮಗೆ ಸಂಕೋಚವಿದ್ದೀತು, ಆದರೆ ಹೊಸ ಸುದ್ದಿ ಇರುವುದು ಅಲ್ಲಿಯೇ.

ಪ್ರಶ್ನೆ: ನಮ್ಮ ಖಾಸಗಿ ಶಾಲೆಯ ಬಗ್ಗೆ ಪತ್ರಿಕೆಯೊಂದರಲ್ಲಿ ತಪ್ಪು ಸುದ್ದಿ ಬಂದಿದೆ. ಇನ್ನೊಬ್ಬರು ಯೂಟ್ಯೂಬ್ ಚಾನೆಲ್‌ನವರೆಂದು ಹೇಳಿ, ಹಣ ಕೊಡದಿದ್ದರೆ ವಿಡಿಯೊ ಹಾಕುವುದಾಗಿ ಬೆದರಿಸುತ್ತಿದ್ದಾರೆ. (ಮುಖ್ಯೋಪಾಧ್ಯಾಯಿನಿ, ಯಾದಗಿರಿ)

ಉತ್ತರ: ಮೇಡಂ, ಎರಡನ್ನೂ ಬೇರೆ ಬೇರೆಯಾಗಿಯೇ ನೋಡಿ. ತಪ್ಪು ಸುದ್ದಿಗೆ ಸಂಪಾದಕರ ಹೆಸರಿಗೆ ಪತ್ರ ಬರೆಯಿರಿ: ಯಾವ ದಿನದ ಯಾವ ಪುಟದ ಯಾವ ವಾಕ್ಯ ತಪ್ಪು, ಸರಿಯಾದದ್ದು ಯಾವುದು, ಅದಕ್ಕೆ ದಾಖಲೆ ಯಾವುದು. ಸಿಟ್ಟನ್ನು ಪತ್ರದಿಂದ ಹೊರಗಿಡಿ, ಸ್ಪಷ್ಟನೆ ಅಚ್ಚಾಗುವ ಸಂಭವ ಹೆಚ್ಚು. ಆಗಲೂ ಸರಿಪಡಿಸದಿದ್ದರೆ 1978ರ ಕಾಯ್ದೆಯಡಿ ಇರುವ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ ಮತ್ತು ವಾರಪತ್ರಿಕೆಗಳ ವಿಷಯದಲ್ಲಿ ಸುದ್ದಿ ಪ್ರಕಟವಾದ ಎರಡು ತಿಂಗಳೊಳಗೆ ದೂರು ಸಲ್ಲಬೇಕು, ಸಂಪಾದಕರಿಗೆ ಬರೆದ ಪತ್ರದ ಪ್ರತಿಯನ್ನು ಲಗತ್ತಿಸಬೇಕು. ಮಂಡಳಿ ಎಚ್ಚರಿಕೆ ನೀಡಬಲ್ಲದು, ಖಂಡಿಸಬಲ್ಲದು, ದಂಡ ವಿಧಿಸಲಾರದು. ಟಿವಿ ವಾಹಿನಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.

ಎರಡನೆಯದು ಪತ್ರಿಕಾ ಸಂಬಂಧದ ವಿಷಯವೇ ಅಲ್ಲ. ಬೆದರಿಸಿ ಹಣ ಕೇಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಡಿ ಸುಲಿಗೆಯ ಅಪರಾಧ. ಬಂದ ಸಂದೇಶಗಳನ್ನು ಅಳಿಸಬೇಡಿ, ಒಬ್ಬರೇ ಭೇಟಿಯಾಗಬೇಡಿ, ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ. ಆ ವಿಡಿಯೊದಲ್ಲಿ ಹೇಳಿರುವ ದೋಷ ನಿಜವಾಗಿಯೂ ಶಾಲೆಯಲ್ಲಿದ್ದರೆ ಪಾಲಕರ ಸಭೆ ಕರೆದು ಅದನ್ನು ನೀವೇ ಮೊದಲು ತಿಳಿಸಿಬಿಡಿ; ಬೆದರಿಸುವವರ ಕೈಯಲ್ಲಿ ಆಮೇಲೆ ಏನೂ ಉಳಿಯುವುದಿಲ್ಲ.