ರೋಬಸ್ಟಾದಲ್ಲಿ ಗುಲಗಂಜಿ ಹುಳ ಬಿಟ್ಟರೂ ಬಿಳಿ ತಿಗಣೆ ಹೋಗದಿದ್ದರೆ

ರೋಬಸ್ಟಾ ಕಾಫಿ ಗಿಡಕ್ಕೆ ರಸ ಹೀರುವ ಬಿಳಿ ತಿಗಣೆ ಹತ್ತಿದೆ, ಅದನ್ನು ತಿನ್ನುವ ಗುಲಗಂಜಿ ಹುಳ (ಒಂದು ಸಣ್ಣ ಜೀರುಂಡೆ) ಬಿಟ್ಟರೂ ಹೋಗಿಲ್ಲ, ಈಗ 'ದೊಡ್ಡ ಬಿಳಿ ತಿಗಣೆ'ಯೂ ಕಾಣುತ್ತಿದೆ, ಸ್ಪ್ರೇ ಮಾಡಲಾ ಅಂತ ಫೋಟೋ ಸಮೇತ ಕೇಳಿದ್ದೀರಿ. ತಿಗಣೆ ಹೋಗದಿರುವುದು ಬಹುಶಃ ಇರುವೆಗಳ ಕೆಲಸ. ಗಿಡದ ತುಂಬಾ ಇರುವೆ ಸಾಲು ಇದೆ ಅಂತ ನೀವೇ ಬರೆದಿದ್ದೀರಿ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಅವು ಕಾವಲು ನಿಂತು, ಗುಲಗಂಜಿ ಹುಳಗಳನ್ನು ಓಡಿಸುತ್ತವೆ.

ಮೊದಲು ನೆಲಕ್ಕೆ ತಾಗಿರುವ ರೆಂಬೆಗಳನ್ನು ಕತ್ತರಿಸಿ, ಬುಡದ ಕಳೆ ತೆಗೆಯಿರಿ. ಇರುವೆ ಗೂಡು ಹುಡುಕಿ ನಾಶ ಮಾಡಿ, ನೆರಳು ಮರದ ಮೇಲಿನದನ್ನೂ ಬಿಡಬೇಡಿ. ಇರುವೆ ಪುಡಿ ಹಾಕುವುದಾದರೆ ಬುಡದ ಸುತ್ತ ನೆಲಕ್ಕೆ ಮಾತ್ರ, ಎಲೆ ಮೇಲೆ ಬೇಡ. ಇರುವೆ ಕಡಿಮೆಯಾದ ಮೇಲೆ, ತಿಗಣೆ ಜಾಸ್ತಿ ಇರುವ ಗಿಡಗಳಿಗೇ ಹುಳಗಳನ್ನು ಸಂಜೆ ಹೊತ್ತು ಬಿಡಿ.

ಇನ್ನು ಆ 'ದೊಡ್ಡ ಬಿಳಿ ತಿಗಣೆ'. ಸ್ಪ್ರೇ ಮಾಡುವ ಮೊದಲು ಒಂದು ಕಡ್ಡಿಯಿಂದ ಮುಟ್ಟಿ ನೋಡಿ. ಮೈತುಂಬಾ ಉದ್ದ ಉದ್ದ ಬಿಳಿ ಎಳೆ ಇದ್ದು, ಸರಸರ ಓಡಿದರೆ ಅದು ಗುಲಗಂಜಿಯ ಮರಿಹುಳು. ತಿಗಣೆ ಅಷ್ಟು ಚುರುಕಲ್ಲ, ಗಾತ್ರದಲ್ಲೂ ಚಿಕ್ಕದು. ತಿಗಣೆಯನ್ನು ತಿನ್ನುವ ಮರಿಯನ್ನೇ ಸುಮ್ನೆ ಕೊಂದುಬಿಟ್ಟರೆ ನಷ್ಟ ನಮಗೇ ಅಲ್ವಾ? ಈ ಹುಳ 1898ರಲ್ಲೇ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ಬಂದದ್ದು, ಹೊಸ ಪ್ರಯೋಗವೇನಲ್ಲ.

ತಿಗಣೆಯ ಮೈಯೊಳಗೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಲೆಪ್ಟೊಮಾಸ್ಟಿಕ್ಸ್ ಎಂಬ ಸಣ್ಣ ಕಣಜ ತರಲಾ ಅಂತಲೂ ಕೇಳಿದ್ದೀರಿ. ಅದು ಪ್ಲಾನೊಕಾಕಸ್ ಸಿಟ್ರಿ ಜಾತಿಯ ತಿಗಣೆಗೆ ಹೇಳಿ ಮಾಡಿಸಿದ್ದು. ನಿಮ್ಮದು ಅದೇನಾ ಅಂತ ಫೋಟೋದಲ್ಲಿ ಗೊತ್ತಾಗುವುದಿಲ್ಲ. ತಿಗಣೆ ಹತ್ತಿದ ಒಂದು ರೆಂಬೆಯನ್ನು ಕವರಿನಲ್ಲಿ ಹಾಕಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ತೋರಿಸಿ, ಅದೇ ಜಾತಿ ಅಂತಾದರೆ ಆಮೇಲೆ ಕಣಜ ತನ್ನಿ.